ನೆಲನೆಲ್ಲಿ ಹೆಸರಿನ ಜಗಳ

ಮಳೆ ಹಿಡಿದು ಹದಿನೈದು ದಿನ ಆಗಿರಲ್ಲ, ನಮ್ಮ ಹೆಬ್ಬೆ ಕಡೆ ಅಂಗಳದ ಕಲ್ಲುಸಂದಿ, ಕಾಫಿ ಕಣದ ಅಂಚು, ತುಳಸಿಕಟ್ಟೆ ಬುಡ, ಎಲ್ಲಿ ನೋಡಿದ್ರೂ ನೆಲನೆಲ್ಲಿ ಎದ್ದಿರುತ್ತೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಕಿತ್ತು ಎಸೆದ್ರೆ ವಾರಕ್ಕೆ ಮತ್ತೆ ಹಾಜರ್. ಗೇಣುದ್ದ ಗಿಡ, ನೆಲ್ಲಿ ಸೊಪ್ಪಿನ ಹಂಗೇ ಸಣ್ಣ ಎಲೆ, ಕಡ್ಡಿ ತಿರುಗಿಸಿ ಹಿಡಿದ್ರೆ ಎಲೆ ಬುಡದಲ್ಲಿ ಸಾಲಾಗಿ ಸಾಸಿವೆ ಗಾತ್ರದ ಕಾಯಿ. ನೆಲದ ಮೇಲಿನ ನೆಲ್ಲಿ ಅಂತ ನಮ್ಮ ಹಿರಿಯರು ಹೆಸರಿಟ್ಟಿದ್ದು ಎಷ್ಟು ಸರಿಯಾಗಿದೆ ನೋಡಿ. ಕಿರುನೆಲ್ಲಿ ಅಂತ ಕರೆಯೋರೂ ಇದಾರೆ.

ಇದರ ಕಥೆ ಬರೀಬೇಕು ಅಂತ ಅನ್ನಿಸಿದ್ದು ನಮ್ಮಣ್ಣನ ಮಗಳಿಂದ. ಅವಳು ಕಾಲೇಜಿನಲ್ಲಿ ಬಾಟನಿ ಓದ್ತಾಳೆ. ಕಳೆದ ಮಳೆಗಾಲದ ರಜಕ್ಕೆ ಬಂದಾಗ ಹಳೇ ನ್ಯೂಸ್ ಪೇಪರ್ ಕಟ್ಟು ತಂದು, ಗಿಡ ಕಿತ್ತು ಅದರೊಳಗೆ ಒತ್ತಿ ಒಣಗಿಸೋಕೆ ಕೂತ್ಲು. ಐವತ್ತು ಗಿಡ ಒತ್ತಿ, ಹೆಸರು ಬರೆದು ಕೊಡಬೇಕಂತೆ. ನಲವತ್ತೊಂಬತ್ತು ಗಿಡದ ಹೆಸರು ಸಲೀಸಾಗಿ ಬರೆದ್ಲು. ನೆಲನೆಲ್ಲಿ ಹತ್ರ ಬಂದು ಪೆನ್ನು ನಿಂತುಹೋಯ್ತು. "ಅತ್ತೆ, ಒಂದು ಪುಸ್ತಕದಲ್ಲಿ ಫಿಲಾಂಥಸ್ ನಿರೂರಿ ಅಂತಿದೆ, ಇನ್ನೊಂದರಲ್ಲಿ ಫಿಲಾಂಥಸ್ ಅಮಾರಸ್ ಅಂತಿದೆ, ಮೂರನೇದರಲ್ಲಿ ಫಿಲಾಂಥಸ್ ಫ್ರಾಟರ್ನಸ್ ಅಂತಿದೆ. ಯಾವುದು ಬರೀಲಿ?" ಅಂದ್ಲು.

ನಾನು ಪಿಯುಸಿಗೆ ಓದು ಬಿಟ್ಟೋಳು, ನನಗೇನು ಗೊತ್ತು? ಆದ್ರೆ "ನಿರೂರಿ" ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ನನಗೆ ಕೈಲಿದ್ದ ಮೊರ ಕೆಳಗಿಡೋ ಹಂಗಾಯ್ತು. ಆ ಹೆಸರನ್ನ ನಾನು ಮೂವತ್ತು ವರ್ಷದ ಹಿಂದೆ ನಮ್ಮ ದೊಡ್ಡಮ್ಮನ ಮನೆಯಲ್ಲಿ ಕೇಳಿದ್ದೆ.

ನಮ್ಮ ದೊಡ್ಡಪ್ಪನಿಗೆ ಬಿ ಕಾಮಾಲೆ ಇತ್ತು. ಆಗ ಈಗಿನ ಹಂಗೆ ಔಷಧಿ ಇರಲಿಲ್ಲ. ಡಾಕ್ಟ್ರು ವಿಶ್ರಾಂತಿ, ಪಥ್ಯ ಅಂತ ಹೇಳಿ ಕಳಿಸಿದ್ರು. ಅದೇ ಹೊತ್ತಿಗೆ ಯಾರೋ ಪೇಪರಿನ ತುಂಡು ತಂದುಕೊಟ್ರು. ಕಾಮಾಲೆಗೆ ನಮ್ಮ ಹಿತ್ತಲ ಗಿಡ, ಅಮೆರಿಕದ ದೊಡ್ಡ ವಿಜ್ಞಾನಿಗಳೇ ಪರೀಕ್ಷೆ ಮಾಡಿದಾರೆ, ಗಿಡದ ಹೆಸರು ಫಿಲಾಂಥಸ್ ನಿರೂರಿ, ಅಂದ್ರೆ ನೆಲನೆಲ್ಲಿ ಅಂತ ಅದರಲ್ಲಿತ್ತು. ದೊಡ್ಡಮ್ಮ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲೇ ಹೋಗಿ ಗಿಡ ಕಿತ್ತು ತಂದು, ಬೇರು ಸಮೇತ ತೊಳೆದು ಅರೆದು, ಮಜ್ಜಿಗೆಯಲ್ಲಿ ಕದಡಿ ಕೊಡ್ತಿದ್ರು. ಎರಡು ವರ್ಷ ಒಂದು ದಿನ ತಪ್ಪಿಸಲಿಲ್ಲ. ಬೇಸಿಗೆಗೆ ಅಂತ ನೆರಳಲ್ಲಿ ಒಣಗಿಸಿ ಡಬ್ಬಿಗೂ ತುಂಬಿಡ್ತಿದ್ರು. ಆದ್ರೂ ದೊಡ್ಡಪ್ಪ ಉಳೀಲಿಲ್ಲ. ಲಿವರ್ ಹೋಗಿತ್ತು.

ತಿಥಿ ದಿನ ಬಂದಿದ್ದ ಓದಿದ ನೆಂಟರೊಬ್ರು ಅಂಗಳದ ಗಿಡ ಕಿತ್ತು ನೋಡಿ, "ಅಯ್ಯೋ, ಇದು ನಿರೂರಿ ಅಲ್ವೇ ಅಲ್ಲ. ನಿರೂರಿನೇ ಬೇರೆ ಗಿಡ" ಅಂದುಬಿಟ್ರು. ಅವರು ಅಂದು ಊಟ ಮಾಡಿ ಹೋದ್ರು. ದೊಡ್ಡಮ್ಮನ ಎದೆಯಲ್ಲಿ ಆ ಮಾತು ಕೂತುಬಿಡ್ತು. "ನಾನು ತಪ್ಪು ಗಿಡ ಕಿತ್ತೆ ಕಣೇ. ಕಣ್ಣು ಕಾಣ್ದೋಳ ಹಂಗೆ ಯಾವ್ದೋ ಕಳೆ ಅರೆದು ಕುಡಿಸ್ದೆ" ಅಂತ ಎಷ್ಟು ಸಲ ಅಂದಿದಾರೋ ಲೆಕ್ಕ ಇಲ್ಲ.

ಅದಕ್ಕೇ ಈ ಹೆಸರಿನ ಜಗಳ ಏನು ಅಂತ ನಾನು ಬಿಡದೆ ಹಿಂದೆ ಬಿದ್ದೆ. ಹುಡುಗಿ ಓದಿ ಓದಿ ಹೇಳಿದ್ಲು, ನಾನು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರ್ಕೊಂಡೆ. ಅದನ್ನೇ ಇಲ್ಲಿ ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.

ಕಥೆ ಶುರುವಾಗೋದು ನಮ್ಮ ಪಕ್ಕದ ಮಲಬಾರಿನಲ್ಲಿ, ಕೊಚ್ಚಿಯಲ್ಲಿ. 1670ರ ಸುಮಾರಿಗೆ ಅಲ್ಲಿ ಡಚ್ಚರ ಆಳ್ವಿಕೆ. ಅವರ ಗವರ್ನರ್ ವಾನ್ ರೀಡ್ ಅಂತ. ಮೆಣಸು ಕೊಳ್ಳೋಕೆ ಬಂದೋರಲ್ಲಿ ಇವನೊಬ್ಬ ಗಿಡಮೂಲಿಕೆಯ ಹುಚ್ಚಿನೋನು. ಇಲ್ಲಿನ ಗಿಡ ಎಲ್ಲ ಬರೆಸಿ, ಚಿತ್ರ ತೆಗೆಸಿ ಪುಸ್ತಕ ಮಾಡಿಸಬೇಕು ಅಂತ ಹೊರಟ. ಗಿಡ ಗುರುತು ಹಿಡಿಯೋಕೆ ಅವನಿಗೆ ಆಸರೆಯಾದೋರು ಇಟ್ಟಿ ಅಚ್ಯುತನ್ ಅನ್ನೋ ಈಳವ ವೈದ್ಯರು, ಮತ್ತೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅನ್ನೋ ಮೂರು ಜನ ಕೊಂಕಣಿ ಬ್ರಾಹ್ಮಣರು. ಪುಸ್ತಕದ ಹೆಸರು ಹೋರ್ಟಸ್ ಮಲಬಾರಿಕಸ್, ಅಂದ್ರೆ ಮಲಬಾರಿನ ತೋಟ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಅಚ್ಚಾಯ್ತು, 742 ಗಿಡದ ವಿವರ.

ಅದರ ಹತ್ತನೇ ಸಂಪುಟದಲ್ಲಿ "ಕಿರ್ಗನೆಲಿ" ಅಂತ ಒಂದು ಗಿಡದ ಚಿತ್ರ ಇದೆ. ಮಲಯಾಳದ ಕೀಳಾರ್‌ನೆಲ್ಲಿ ಡಚ್ಚರ ಬಾಯಲ್ಲಿ ಹಂಗಾಗಿದೆ. ಹುಡುಗಿ ಫೋನಿನಲ್ಲಿ ಆ ಚಿತ್ರ ತೋರಿಸಿದ್ಲು. ಯಾರೂ ಹೇಳೋದೇ ಬೇಡ, ನಮ್ಮ ಅಂಗಳದ ನೆಲನೆಲ್ಲಿಯೇ. ಅದರ ಮುಂದಿನ ಚಿತ್ರ "ಚೆರು ಕಿರ್ಗನೆಲಿ". ಅದು ಕೆಂಪು ನೆಲನೆಲ್ಲಿ. ಅಂದ್ರೆ ಮುನ್ನೂರು ವರ್ಷದ ಹಿಂದೆ ನಮ್ಮೋರು ಇವೆರಡನ್ನ ಬೇರೆ ಬೇರೆ ಅಂತ ಚೆನ್ನಾಗಿ ತಿಳ್ಕೊಂಡಿದ್ರು. ಇದೇ ಪುಸ್ತಕದಲ್ಲಿ "ನಿರೂರಿ" ಅನ್ನೋ ಹೆಸರೂ ಬರುತ್ತೆ. ಆದ್ರೆ ಅದು ನೆಲನೆಲ್ಲಿಗಲ್ಲ, ನೆಲ್ಲಿ ನೆಂಟಸ್ತಿಕೆಯ ಬೇರೆ ಪೊದೆಗಿಡಗಳಿಗೆ. ಮಲಯಾಳದಲ್ಲಿ ನೀರೂರಿ ಅಂದ್ರೆ ಪೊದೆ. ಇದನ್ನ ನೆನಪಿಟ್ಕೊಳ್ಳಿ.

ಇನ್ನು ಸ್ವೀಡನ್ನಿನ ಲಿನೇಯಸ್. ಪ್ರಪಂಚದ ಗಿಡಕ್ಕೆಲ್ಲ ಎರಡೆರಡು ಮಾತಿನ ಹೆಸರಿಡೋ ಪದ್ಧತಿಯನ್ನ ನಿಲ್ಲಿಸಿದೋನು ಇವನೇ. ಮೊದಲನೇದು ಕುಲದ ಹೆಸರು, ಎರಡನೇದು ಗಿಡದ ಸ್ವಂತ ಹೆಸರು. ನಮ್ಮಲ್ಲಿ ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು ಇರೋ ಹಂಗೆ. 1753ರಲ್ಲಿ ಸ್ಪೀಸೀಸ್ ಪ್ಲಾಂಟಾರಮ್ ಅಂತ ಪುಸ್ತಕ ತಂದ. ಅದರಲ್ಲಿ ಸುಮಾರು 6,000 ಗಿಡ. ಅವನು ಇಂಡಿಯಾಕ್ಕೆ ಒಂದು ಸಲವೂ ಬಂದೋನಲ್ಲ. ಬೇರೆಯವರು ಒಣಗಿಸಿ ತಂದ ಗಿಡ, ಬೇರೆಯವರ ಪುಸ್ತಕದ ಚಿತ್ರ, ಇವನ್ನ ನೋಡಿಯೇ ಕೂತಲ್ಲಿ ಎಷ್ಟೋ ಹೆಸರಿಟ್ಟ.

ನೆಲನೆಲ್ಲಿ ಜಾತಿಗೆ ಅವನು ಫಿಲಾಂಥಸ್ ಅನ್ನೋ ಕುಲದ ಹೆಸರು ಕೊಟ್ಟ. ಗ್ರೀಕ್ ಭಾಷೆಯಲ್ಲಿ ಎಲೆ-ಹೂ ಅಂತ ಅರ್ಥ. ಎಲೆಗೇ ಹೂ ಅಂಟಿದ ಹಂಗೆ ಕಾಣುತ್ತಲ್ಲ, ಅದಕ್ಕೆ. ಎರಡನೇ ಹೆಸರಿಗೆ ಬಂದಾಗ ಎಡವಟ್ಟಾಯ್ತು. ಇಂಗ್ಲೆಂಡಿನ ಜಾನ್ ಮಾರ್ಟಿನ್ ಅನ್ನೋ ಪಂಡಿತ ಅದಕ್ಕೂ ಮುಂಚೆ, ಅಮೆರಿಕದ ಕಡೆಯ ಬಾರ್ಬಡೋಸ್ ದ್ವೀಪದ ಒಂದು ಗಿಡಕ್ಕೆ "ಬಾರ್ಬಡೋಸಿನ ನಿರೂರಿ" ಅಂತ ಬರೆದಿದ್ದ. ಮಲಬಾರಿನ ಪೊದೆಗಿಡದ ಹೆಸರು ಹಡಗು ಹತ್ತಿ ಬಾರ್ಬಡೋಸಿನ ಸಣ್ಣ ಗಿಡಕ್ಕೆ ಹೋಗಿ ಕೂತಿತ್ತು! ಲಿನೇಯಸ್ ಆ ಬಾರ್ಬಡೋಸ್ ಗಿಡವನ್ನೂ, ವಾನ್ ರೀಡನ ಪುಸ್ತಕದ ನಮ್ಮ ಕಿರ್ಗನೆಲಿಯನ್ನೂ ಎರಡೂ ಒಂದೇ ಅಂದ್ಕೊಂಡು ಒಂದೇ ಹೆಸರಿನ ಕೆಳಗೆ ಸೇರಿಸಿದ. ಫಿಲಾಂಥಸ್ ನಿರೂರಿ. ಎರಡು ಮನೆಯ ಮಕ್ಕಳನ್ನ ಒಂದೇ ರೇಷನ್ ಕಾರ್ಡಿಗೆ ಹಾಕಿದ ಹಂಗಾಯ್ತು.

ಇಲ್ಲಿ ಒಂದು ನಿಯಮ ತಿಳ್ಕೋಬೇಕು. ಹೆಸರು ಅನ್ನೋದು ಯಾರ ಬಾಯಲ್ಲಿ ಓಡಾಡ್ತಿದೆ ಅನ್ನೋದು ವಿಜ್ಞಾನಿಗಳಿಗೆ ಲೆಕ್ಕಕ್ಕಿಲ್ಲ. ಒಂದು ಹೆಸರಿಗೆ ಒಂದು ಮೂಲ ಗಿಡ, ಅಂದ್ರೆ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟ ಒಂದು ಮಾದರಿ ಇರುತ್ತೆ. ಹೊಲಕ್ಕೆ ಮೂಲ ಪತ್ರ ಇದ್ದಂಗೆ. ನೂರು ವರ್ಷ ಉಳುಮೆ ಮಾಡಿದೋನು ಯಾರಾದ್ರೂ ಆಗಲಿ, ಪತ್ರ ಯಾರ ಹೆಸರಿಗಿದೆಯೋ ಹೊಲ ಅವರದ್ದು. ಎರಡು ಗಿಡ ಒಂದೇ ಹೆಸರಲ್ಲಿ ಸೇರಿಹೋಗಿದ್ರೆ, ಮೂಲ ಮಾದರಿ ಯಾವ ಗಿಡದ್ದೋ ಆ ಗಿಡಕ್ಕೆ ಹೆಸರು ಉಳಿಯುತ್ತೆ, ಇನ್ನೊಂದು ಬೇರೆ ಹೆಸರು ಹುಡುಕ್ಕೋಬೇಕು.

ಇದನ್ನ ಬಿಡಿಸಿ ನೋಡೋರು ಇಲ್ಲದೆ ಇನ್ನೂರು ವರ್ಷ ಕಳೆದುಹೋಯ್ತು. ಬ್ರಿಟಿಷರ ಕಾಲದಲ್ಲಿ ಜೋಸೆಫ್ ಹೂಕರ್ ಇಂಡಿಯಾದ ಗಿಡಗಳ ಮೇಲೆ ಏಳು ಸಂಪುಟದ ದೊಡ್ಡ ಗ್ರಂಥ ತಂದ. 1887ರಲ್ಲಿ ಅಚ್ಚಾದ ಅದರ ಭಾಗದಲ್ಲಿ ನಮ್ಮ ನೆಲನೆಲ್ಲಿಗೆ ನಿರೂರಿ ಅಂತಲೇ ಇದೆ. ಹೂಕರ್ ಬರೆದ ಮೇಲೆ ಕೇಳೋರು ಯಾರು? 1918ರಲ್ಲಿ ಬಂದ ಕೀರ್ತಿಕರ್ ಮತ್ತು ಬಸು ಅವರ ಔಷಧಿ ಗಿಡಗಳ ಗ್ರಂಥದಲ್ಲೂ ಅದೇ ಹೆಸರು. ಅಲ್ಲಿಂದ ಶಾಲೆ ಪುಸ್ತಕ, ವೈದ್ಯರ ಪುಸ್ತಕ, ಔಷಧಿ ಡಬ್ಬಿಯ ಚೀಟಿ, ಪೇಪರು, ಎಲ್ಲ ಕಡೆಗೂ ಅದೇ ಇಳಿದುಬಂತು. ಅತ್ತೆ ಮಾಡಿದ ತಪ್ಪು ಹಾಡು ಸೊಸೆಯೂ ಹಾಡಿದ ಹಂಗೆ.

ಗಂಟು ಬಿಚ್ಚಿದೋರು ಅಮೆರಿಕದ ಗ್ರೇಡಿ ವೆಬ್‌ಸ್ಟರ್. ಅವರು ಜೀವಮಾನವೆಲ್ಲ ಈ ಫಿಲಾಂಥಸ್ ಸಂಸಾರದ ಹಿಂದೆಯೇ ಓಡಾಡಿದೋರು. ವೆಸ್ಟ್ ಇಂಡೀಸಿನ ಗಿಡಗಳನ್ನ 1950ರ ದಶಕದಲ್ಲಿ ಒಂದೊಂದಾಗಿ ಪರೀಕ್ಷೆ ಮಾಡಿ ಹೇಳಿದ್ದು ಇಷ್ಟು: ಲಿನೇಯಸ್ ಹೇಳಿದ ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ, ಏಷ್ಯಾದಲ್ಲಿ ಬೆಳೆಯೋ ನೆಲನೆಲ್ಲಿ ಅದಲ್ಲ. ಹಾಗಾದ್ರೆ ನಮ್ಮದಕ್ಕೆ ಹೆಸರೇನು? ಹಳೇದು ಒಂದು ಇತ್ತು. ಪೀಟರ್ ಥಾನಿಂಗ್ ಅನ್ನೋ ಡೆನ್ಮಾರ್ಕಿನೋನು ಆಫ್ರಿಕಾದ ಗಿನಿ ತೀರದಲ್ಲಿ, ಈಗಿನ ಘಾನಾ ದೇಶದಲ್ಲಿ, ಗಿಡ ಆರಿಸಿ ತಂದಿದ್ದ. ಅವನ್ನ ಇಟ್ಕೊಂಡು ಶುಮಾಕರ್ ಅನ್ನೋರು 1827ರಲ್ಲಿ ಫಿಲಾಂಥಸ್ ಅಮಾರಸ್ ಅಂತ ಹೆಸರು ಅಚ್ಚು ಮಾಡಿಸಿದ್ರು. ಅಮಾರಸ್ ಅಂದ್ರೆ ಲ್ಯಾಟಿನ್ನಿನಲ್ಲಿ ಕಹಿ. ನಾಲಿಗೆ ಮೇಲಿಟ್ಟು ನೋಡಿದೋರೇ ಇಟ್ಟಿರಬೇಕು! ನಮ್ಮ ಅಂಗಳದ ಗಿಡವೂ ಅದೇ. ಹಂಗಾಗಿ ಕೊಚ್ಚಿಯಲ್ಲಿ ಚಿತ್ರ ಬಿಡಿಸಿಕೊಂಡ ಗಿಡ, ಬಾರ್ಬಡೋಸಿನ ಗಿಡದ ಹೆಸರಲ್ಲಿ ಇನ್ನೂರು ವರ್ಷ ಓಡಾಡಿ, ಕೊನೆಗೆ ಆಫ್ರಿಕಾದಲ್ಲಿ ಇಟ್ಟ ಹೆಸರು ಹೊತ್ತು ಮನೆಗೆ ಬಂತು.

ಅಲ್ಲಿಗೆ ಮುಗೀತಾ ಅಂದ್ರೆ ಇಲ್ಲ. ವೆಬ್‌ಸ್ಟರ್ 1955ರಲ್ಲಿ ಇನ್ನೊಂದು ಹೆಸರು ಇಟ್ಟಿದ್ರು, ಫಿಲಾಂಥಸ್ ಫ್ರಾಟರ್ನಸ್. ಫ್ರಾಟರ್ನಸ್ ಅಂದ್ರೆ ಅಣ್ಣತಮ್ಮಂದಿರ ಹಂಗೆ ಇರೋದು. ಪಾಕಿಸ್ತಾನ, ಪಶ್ಚಿಮ ಭಾರತದ ಕಡೆಯ ನೆಲನೆಲ್ಲಿ ಅದು. ನಮ್ಮದರ ಪಕ್ಕ ಇಟ್ರೆ ಗುರುತು ಸಿಗೋದು ಕಷ್ಟ. ಡೆಬಿಲಿಸ್ ಅಂತ ಮೂರನೇದು ಒಂದು ಬೇರೆ. ಆಮೇಲೆ ಭಾರತ ಸಸ್ಯ ಸಮೀಕ್ಷೆಯ ಮಿತ್ರಾ ಮತ್ತು ಜೈನ್ ಇಬ್ಬರೂ ಕೂತು ನಮ್ಮ ದೇಶದ ಪುಸ್ತಕಗಳಲ್ಲಿ ನಿರೂರಿ ಅಂತ ಬರೆದಿದ್ದನ್ನೆಲ್ಲ ಜಾಲಾಡಿದ್ರು. 1985ರ ಅವರ ಲೇಖನದ ಪ್ರಕಾರ, ಇಲ್ಲಿ ನಿರೂರಿ ಅಂತ ಕರೆದಿದ್ದು ಒಂದು ಗಿಡವೇ ಅಲ್ಲ, ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಮೂರೂ ಸೇರಿದ್ದು. ನಿಜವಾದ ನಿರೂರಿ ಇಂಡಿಯಾದಲ್ಲಿ ಇಲ್ಲವೇ ಇಲ್ಲ.

ಜಗಳ ಬಂದಿದ್ದು ಇಲ್ಲಿ. ಆಯುರ್ವೇದದ ಭೂಮ್ಯಾಮಲಕಿ, ಚರಕರು ಹೇಳೋ ತಾಮಲಕಿ, ಈ ಮೂರರಲ್ಲಿ ಯಾವುದು? ಸರ್ಕಾರದ ಆಯುರ್ವೇದ ಫಾರ್ಮಕೊಪಿಯಾದ ಮೊದಲ ಸಂಪುಟದಲ್ಲಿ ತಾಮಲಕಿ ಅಂದ್ರೆ ಫ್ರಾಟರ್ನಸ್ ಅಂತ ಬರೆದಿದಾರೆ. ಆದ್ರೆ ನಮ್ಮ ದಕ್ಷಿಣದಲ್ಲಿ ಕಿತ್ತು ಅರೆಯೋದು ಹೆಚ್ಚು ಕಡಿಮೆ ಅಮಾರಸ್. ಇದರ ಮೇಲೆ ಇನ್ನೊಂದು: ಅಮಾರಸ್ ಮೂಲತಃ ಇಲ್ಲಿಯದ್ದೇ ಅಲ್ಲ, ಅಮೆರಿಕದಿಂದ ಮೆಣಸಿನಕಾಯಿ ಬಂದ ಹಂಗೆ ಹಡಗಿನಲ್ಲಿ ಬಂದು ಕಳೆಯಾಗಿ ಹಬ್ಬಿದ್ದು ಅಂತ ಬಹಳ ಜನ ಸಸ್ಯಶಾಸ್ತ್ರಜ್ಞರು ಹೇಳ್ತಾರೆ. ಹಂಗಾದ್ರೆ ಚರಕರ ಕಾಲದಲ್ಲಿ ಇದು ಇಲ್ಲಿ ಇರೋಕೆ ಸಾಧ್ಯ ಇಲ್ಲ, ಅವರ ತಾಮಲಕಿ ಇದರ ಅಣ್ಣನೋ ತಮ್ಮನೋ ಇರಬೇಕು ಅಂತ ಒಂದು ಪಕ್ಷ. ಗುಣ ಒಂದೇ ಆದ್ಮೇಲೆ ಯಾವುದಾದ್ರೇನು ಅಂತ ಇನ್ನೊಂದು ಪಕ್ಷ. ನಮ್ಮತ್ತೆಗೆ ಇದನ್ನ ಹೇಳಿದ್ದಕ್ಕೆ, "ಮೆಣಸಿನಕಾಯಿ ಪರದೇಶದ್ದು ಅಂತ ಸಾರಿಗೆ ಹಾಕೋದು ಬಿಟ್ಟಿದೀವಾ?" ಅಂದ್ರು. ಅವರ ಮಾತೂ ಸರಿಯೇ.

ಈಗ ಆ ಪೇಪರಿನ ತುಂಡಿನ ವಿಷಯಕ್ಕೆ ಬರ್ತೀನಿ. ಬರೂಕ್ ಬ್ಲಂಬರ್ಗ್ ಅಂತ ಅಮೆರಿಕದ ವಿಜ್ಞಾನಿ. ಬಿ ಕಾಮಾಲೆಯ ವೈರಸ್ ಪತ್ತೆ ಮಾಡಿದ್ದಕ್ಕೆ 1976ರಲ್ಲಿ ನೊಬೆಲ್ ಬಂತು. ಅದಕ್ಕೆ ಲಸಿಕೆ ಕಂಡುಹಿಡಿದೋರಲ್ಲೂ ಅವರೇ ಮುಂದು. ಈಗ ಮಗು ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಹಾಕ್ತಾರಲ್ಲ, ಹೆಪಟೈಟಿಸ್ ಬಿ ಇಂಜೆಕ್ಷನ್, ಅದರ ಮೂಲ ಅವರ ಕೆಲಸ. ಅಂಥೋರು ಫಿಲಡೆಲ್ಫಿಯಾದಲ್ಲಿ ನಮ್ಮ ನೆಲನೆಲ್ಲಿ ಸಾರವನ್ನ ಪರೀಕ್ಷೆ ಮಾಡಿದ್ರು. 1987ರ ಅವರ ಲೇಖನದ ಶೀರ್ಷಿಕೆಯಲ್ಲೇ ಫಿಲಾಂಥಸ್ ನಿರೂರಿ ಅಂತಿದೆ. ಸಾರ ವೈರಸ್ಸನ್ನ ತಡೆಯುತ್ತೆ ಅಂತ ಪ್ರಯೋಗಶಾಲೆಯಲ್ಲಿ ಕಂಡಿತು. ಮಾರನೇ ವರ್ಷ, 1988ರಲ್ಲಿ, ಮದ್ರಾಸಿನ ತ್ಯಾಗರಾಜನ್ ಅವರ ತಂಡ ಬ್ಲಂಬರ್ಗ್ ಜೊತೆ ಸೇರಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬರೀತು. ಬಿ ವೈರಸ್ ಇದ್ದೋರಿಗೆ 30 ದಿನ ಗಿಡದ ಪುಡಿ ಕೊಟ್ಟಿದ್ರು. ಪುಡಿ ತಗೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯ್ತು, ಬರೀ ಸುಳ್ಳು ಪುಡಿ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಆ ಲೇಖನದಲ್ಲಿ ಗಿಡದ ಹೆಸರು ಫಿಲಾಂಥಸ್ ಅಮಾರಸ್!

ನೋಡಿ, ಒಂದೇ ವರ್ಷದಲ್ಲಿ ಹೆಸರು ಬದಲಾಯ್ತು. ಬದಲಾಗಿದ್ದು ಹೆಸರು ಮಾತ್ರ, ಹಿಡಿದಿದ್ದು ನಮ್ಮ ಅದೇ ನೆಲನೆಲ್ಲಿ. ಪೇಪರಿನೋರು ಹಳೇ ಹೆಸರು ಬರೆದ್ರು. ನಮ್ಮ ನೆಂಟರು ಹೊಸ ಹೆಸರು ಓದಿದೋರು. ದೊಡ್ಡಮ್ಮನ ಅಂಗಳದ ಗಿಡ ನಿರೂರಿ ಅಲ್ಲ ಅಂತ ಅವರು ಹೇಳಿದ್ದು ಅಕ್ಷರಕ್ಕೆ ಸರಿ. ಆದ್ರೆ ಅದನ್ನ ಕೇಳಿದ ಹೆಂಗಸಿಗೆ ಅರ್ಥ ಆಗಿದ್ದು, ನಿರೂರಿ ಅಂತ ಒಳ್ಳೇ ಗಿಡ ಎಲ್ಲೋ ಪಕ್ಕದ ಬೇಲಿಯಲ್ಲೇ ಇತ್ತು, ನಾನೇ ಗುರುತು ಸಿಗದೆ ಬಿಟ್ಟುಬಂದೆ ಅಂತ. ನಿರೂರಿ ಬೇಕು ಅಂದ್ರೆ ದೊಡ್ಡಮ್ಮ ಬಾರ್ಬಡೋಸಿಗೆ ಹೋಗಬೇಕಿತ್ತು! ಮಾತು ಸರಿ ಇದ್ರೂ ಅರ್ಧ ಹೇಳಿದ್ರೆ ಎಷ್ಟು ನೋವು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಇನ್ನೊಂದು ಅರ್ಧವನ್ನೂ ಹೇಳಲೇಬೇಕು, ಇಲ್ಲಾಂದ್ರೆ ನಾನೂ ಆ ನೆಂಟರ ಹಂಗೇ ಆಗ್ತೀನಿ. ಮದ್ರಾಸಿನಲ್ಲಿ ಬಂದ ಫಲ ಬೇರೆ ಕಡೆ ಬರಲಿಲ್ಲ. ಥೈಲ್ಯಾಂಡಿನಲ್ಲಿ ಇದೇ ಅಮಾರಸ್ ಕೊಟ್ಟು ನೋಡಿ, ಗುಣ ಕಾಣಲಿಲ್ಲ ಅಂತ 1990ರಲ್ಲಿ ಅದೇ ಲ್ಯಾನ್ಸೆಟ್ಟಿನಲ್ಲಿ ಬರೆದ್ರು. ನ್ಯೂಜಿಲೆಂಡಿನಲ್ಲೂ ಫಲ ಸಿಗಲಿಲ್ಲ. ಎಲ್ಲ ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ತೂಗಿದ 2011ರ ಕಾಕ್ರೇನ್ ವರದಿ, ಬಿ ಕಾಮಾಲೆಗೆ ಈ ಗಿಡದಿಂದ ಉಪಯೋಗ ಆಗುತ್ತೆ ಅನ್ನೋಕೆ ನಂಬೋ ಅಂಥ ಪುರಾವೆ ಇಲ್ಲ ಅಂತ ಹೇಳಿತು. ಹಂಗಾದ್ರೆ ನಮ್ಮ ಕಡೆ ನೆಲನೆಲ್ಲಿ ಕುಡಿದು ಕಾಮಾಲೆ ವಾಸಿಯಾಯ್ತು ಅನ್ನೋರು ಅಷ್ಟೊಂದು ಜನ ಇದಾರಲ್ಲ? ಕೆಟ್ಟ ನೀರಿಂದ ಬರೋ ಎ ಕಾಮಾಲೆ ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನೇ ಇಳಿಯುತ್ತೆ. ಗಿಡ ಕುಡಿದ್ರೂ ಇಳಿಯುತ್ತೆ, ಕುಡೀದಿದ್ರೂ ಇಳಿಯುತ್ತೆ. ಬಿ ಹಂಗಲ್ಲ, ಅದು ಕೆಲವರಲ್ಲಿ ಒಳಗೇ ಕೂತು ವರ್ಷಗಟ್ಟಲೆ ಲಿವರ್ ತಿನ್ನುತ್ತೆ. ಕಣ್ಣು ಹಳದಿ ಆಗೋದು ಎರಡರಲ್ಲೂ ಒಂದೇ ಥರ. ನೋಡಿ, ಇಲ್ಲೂ ಅದೇ ಕಥೆ. ಕಾಮಾಲೆ ಅಂತ ಒಂದೇ ಹೆಸರು, ಒಳಗಿರೋ ರೋಗ ಬೇರೆ ಬೇರೆ. ಅದಕ್ಕೇ ಹೇಳ್ತೀನಿ, ಕಣ್ಣು ಹಳದಿ ಕಂಡ ತಕ್ಷಣ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಯಾವ ಕಾಮಾಲೆ ಅಂತ ತಿಳ್ಕೊಳ್ಳಿ. ಬಿ ಕಾಮಾಲೆ ಹತೋಟಿಯಲ್ಲಿಡೋ ಮಾತ್ರೆ ಈಗ ಇದೆ.

ಅಂಗಡಿ ಪುಡಿ ತಗೊಳ್ಳೋರಿಗೆ ಇನ್ನೊಂದು ಮಾತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಉಮಾಶಂಕರ್, ಗಣೇಶಯ್ಯ ಮತ್ತೆ ಅವರ ಜೊತೆಯೋರು ದಕ್ಷಿಣ ಭಾರತದ 25 ಅಂಗಡಿಗಳಿಂದ ಒಣ ನೆಲನೆಲ್ಲಿ ತರಿಸಿ ಡಿಎನ್ಎ ಪರೀಕ್ಷೆ ಮಾಡಿದ್ರು. ಗಣೇಶಯ್ಯ ಅಂದ್ರೆ "ಕರಿಸಿರಿಯಾನ" ಕಾದಂಬರಿ ಬರೆದೋರೇ. ನಮ್ಮಲ್ಲಿ ಅವರ ಪುಸ್ತಕ ಓದಿದೋರು ಬೇಕಾದಷ್ಟು ಜನ ಇದೀರ. 2010ರಲ್ಲಿ ಬಂದ ಅವರ ವರದಿ ಪ್ರಕಾರ ನೂರಕ್ಕೆ 76 ಪಾಲು ಮಾದರಿಯಲ್ಲಿ ಹೆಚ್ಚಾಗಿ ಇದ್ದಿದ್ದು ಅಮಾರಸ್. ಉಳಿದ 24 ಪಾಲಿನಲ್ಲಿ ಬೇರೆ ಐದು ಜಾತಿ, ಡೆಬಿಲಿಸ್, ಫ್ರಾಟರ್ನಸ್, ಕೆಂಪು ನೆಲನೆಲ್ಲಿ, ಮದ್ರಾಸಿನ ಹೆಸರು ಹೊತ್ತ ಮಡೆರಾಸ್ಪಟೆನ್ಸಿಸ್, ಕೋಳಿಕ್ಕೋಡಿನ ಹೆಸರಿನ ಕೋಳಿಕೋಡಿಯಾನಸ್. ಯಾರೋ ಬೇಕಂತ ಮೋಸ ಮಾಡಿದ್ದು ಅಂತಲೇ ಅಲ್ಲ. ಗಿಡ ಆರಿಸೋರಿಗೆ ಎಲ್ಲ ನೆಲನೆಲ್ಲಿಯೇ. ನಾವೂ ಅಷ್ಟೇ ಅಲ್ವಾ, ಎಲ್ಲಕ್ಕೂ ಒಂದೇ ಹೆಸರಲ್ಲಿ ಕರೀತೀವಿ. ಲಿನೇಯಸ್ಸನ್ನ ಬೈಯೋಕೆ ಮುಂಚೆ ನಮ್ಮ ಬಾಯನ್ನೂ ನೋಡ್ಕೋಬೇಕು.

ಗುರುತು ಹಿಡಿಯೋದು ಹೆಂಗೆ ಅಂತ ಹುಡುಗಿ ನನಗೆ ಕಲಿಸಿದ್ಲು, ನಿಮಗೂ ಹೇಳ್ತೀನಿ. ಮಾವನವರ ಭೂತಗನ್ನಡಿ ಇಟ್ಕೊಂಡು ಜಗಲಿಯಲ್ಲಿ ಕೂತು ನಾವಿಬ್ರೂ ನೋಡಿದ್ವಿ. ಕಡ್ಡಿ ಬೋರಲು ಹಾಕಿ ಹೂ ನೋಡಿ. ಹೂವಿನ ಎಸಳಿನ ಹಂಗಿರೋ ಸಣ್ಣ ದಳ ಐದಿದ್ರೆ, ಒಂದೇ ಎಲೆ ಬುಡದಲ್ಲಿ ಗಂಡು ಹೂ ಹೆಣ್ಣು ಹೂ ಎರಡೂ ಜೋಡಿಯಾಗಿದ್ರೆ ಅಮಾರಸ್. ಕಾಯಿ ನುಣುಪು, ಸಣ್ಣ ತೊಟ್ಟು ಇರುತ್ತೆ. ದಳ ಆರಿದ್ದು, ಗಂಡು ಹೂ ಕಡ್ಡಿಯ ಬುಡದ ಕಡೆ, ಹೆಣ್ಣು ಹೂ ತುದಿ ಕಡೆ ಬೇರೆ ಬೇರೆ ಇದ್ರೆ ಅದು ಫ್ರಾಟರ್ನಸ್ ಕಡೆಯೋರು. ಕಾಯಿಗೆ ತೊಟ್ಟೇ ಇಲ್ಲದೆ ಕಡ್ಡಿಗೆ ಅಂಟಿ, ಮೈ ತರಿತರಿಯಾಗಿ ಕೆಂಪಗಿದ್ರೆ ಕೆಂಪು ನೆಲನೆಲ್ಲಿ. ನಮ್ಮ ಅಂಗಳದಲ್ಲಿ ಇಪ್ಪತ್ತು ಗಿಡ ನೋಡಿದ್ವಿ. ಹದಿನೇಳು ಐದು ದಳದ್ದು, ಮೂರು ಕೆಂಪಿನದ್ದು. ಇಷ್ಟು ವರ್ಷ ತುಳಿದು ಓಡಾಡಿದ ಗಿಡದಲ್ಲಿ ಗಂಡು ಹೆಣ್ಣು ಹೂ ಇದೆ ಅಂತ ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯ್ತು!

ಹೆಸರಿನ ಜಗಳ ಈಗಲೂ ನಿಂತಿಲ್ಲ. 2022ರಲ್ಲಿ ಕೆಲವು ವಿಜ್ಞಾನಿಗಳು ಡಿಎನ್ಎ ನೋಡಿ, ಫಿಲಾಂಥಸ್ ಕುಲ ವಿಪರೀತ ದೊಡ್ಡದಾಗಿದೆ, ಮನೆ ಪಾಲು ಮಾಡಬೇಕು ಅಂತ ಅದನ್ನ ಹಲವು ಕುಲಗಳಾಗಿ ಒಡೆದ್ರು. ಅವರ ಲೆಕ್ಕದಲ್ಲಿ ಅಮಾರಸ್ ಈಗ ಮೋಯರೋರಿಸ್ ಅನ್ನೋ ಹೊಸ ಮನೆಗೆ ಹೋಯ್ತು. ಬೆಟ್ಟದ ನೆಲ್ಲಿಕಾಯಿಗೆ ಎಂಬ್ಲಿಕಾ ಅನ್ನೋ ಹಳೇ ಮನೆಯೇ ವಾಪಸ್ ಸಿಕ್ತು. ಇದನ್ನ ಒಪ್ಪೋರು ಇದಾರೆ, ಒಪ್ಪದೋರೂ ಇದಾರೆ. ಆ ಹೊಸ ಪಾಲಿನಲ್ಲಿ ಕಿರ್ಗನೇಲಿಯಾ ಅಂತ ಒಂದು ಕುಲ, ನೆಲ್ಲಿಕಾ ಅಂತ ಒಂದು ಕುಲ ಇದೆ. ಕೀಳಾರ್‌ನೆಲ್ಲಿ, ನೆಲ್ಲಿ, ನಮ್ಮ ಕಡೆಯ ಮಾತೇ. ಆದ್ರೆ ತಮಾಷೆ ನೋಡಿ, ಕಿರ್ಗನೇಲಿಯಾ ಮನೆಯಲ್ಲಿ ಕಿರ್ಗನೆಲಿಗೇ ಜಾಗ ಇಲ್ಲ!

ಹುಡುಗಿ ಕೊನೆಗೆ ಏನು ಬರೆದ್ಲು ಅಂತ ಕೇಳ್ತೀರಾ? ಫಿಲಾಂಥಸ್ ಅಮಾರಸ್ ಅಂತ ಬರೆದು, ಪಕ್ಕದಲ್ಲಿ ನೆಲನೆಲ್ಲಿ, ಕಿರುನೆಲ್ಲಿ, ಊರು ಹೆಬ್ಬೆ, ಕಿತ್ತ ತಾರೀಕು, ಎಲ್ಲ ಬರೆದ್ಲು. ಹೆಸರು ನಾಳೆ ಬದಲಾದ್ರೂ ಗಿಡ ಇದೇ ಅಂತ ಗೊತ್ತಾಗೋಕೆ ಒಣಗಿಸಿ ಅಂಟಿಸಿದ ಕಡ್ಡಿ ಇರುತ್ತಲ್ಲ, ಅದೇ ಮುಖ್ಯ ಅಂತೆ.

ಆಮೇಲಿನ ಭಾನುವಾರ ನಾವಿಬ್ರೂ ದೊಡ್ಡಮ್ಮನ ಮನೆಗೆ ಹೋದ್ವಿ. ಅವರಿಗೆ ಈಗ ಎಂಬತ್ತೆರಡು. ಹಳೇ ಬಾವಿ ಕಟ್ಟೆಯ ಹತ್ರ, ಅವರು ಆಗ ಕೀಳ್ತಿದ್ದ ಜಾಗದಲ್ಲೇ, ಗಿಡ ಇನ್ನೂ ಏಳ್ತಾ ಇದೆ. ಒಂದು ಕಿತ್ತು ಭೂತಗನ್ನಡಿಯಲ್ಲಿ ಅವರಿಗೂ ತೋರಿಸಿದ್ವಿ. ಐದು ದಳ. "ದೊಡ್ಡಮ್ಮ, ನೀವು ಕಿತ್ತಿದ್ದು ಸರಿಯಾದ ಗಿಡವೇ. ಆ ದೊಡ್ಡ ವಿಜ್ಞಾನಿಗಳು ಕೊಟ್ಟಿದ್ದೂ ಇದೇ. ಹೆಸರು ತಪ್ಪಿದ್ದು ಪುಸ್ತಕದೋರದ್ದು. ದೊಡ್ಡಪ್ಪನ ಕಾಯಿಲೆಗೆ ಈ ಗಿಡ ಯಾರು ಕಿತ್ತು ಕೊಟ್ಟಿದ್ರೂ ಸಾಲ್ತಿರಲಿಲ್ಲ" ಅಂತ ಹೇಳಿದೆ.

ಅವರು ಬಹಳ ಹೊತ್ತು ಗಾಜಿನೊಳಗೇ ನೋಡ್ತಾ ಇದ್ರು. ಆಮೇಲೆ, "ಮಜ್ಜಿಗೆ ಹುಳಿ ಇರಬಾರ್ದು ಅಂತ ದಿನಾ ಹೊಸದಾಗಿ ಕಡೀತಿದ್ದೆ ಕಣೇ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಅವ್ರೂ ಮುಖ ಕಿವಿಚ್ಕೊಂಡು ಕುಡಿಯೋರು. ಬ್ಯಾಡ ಅಂತ ಒಂದಿನ ಅಂದಿಲ್ಲ" ಅಂದ್ರು. ಆಮೇಲೆ ಎದ್ದು ಒಳಗೆ ಹೋಗಿ ನಮಗೆ ಕಾಫಿ ಇಟ್ರು. ಬರೋವಾಗ ಹುಡುಗಿ ಕೈಗೆ ಇಪ್ಪತ್ತು ರೂಪಾಯಿ ನೋಟು ಕೊಟ್ಟು, ಚೆನ್ನಾಗಿ ಓದು ಅಂದ್ರು.

ನಿಮ್ಮ ಮನೆ ಅಂಗಳದಲ್ಲೂ ಈಗ ನೆಲನೆಲ್ಲಿ ಎದ್ದಿರುತ್ತೆ. ಕೀಳೋಕೆ ಮುಂಚೆ ಒಂದು ಸಲ ಕಡ್ಡಿ ತಿರುಗಿಸಿ ಎಣಿಸಿ ನೋಡಿ. ಐದೋ ಆರೋ ನನಗೂ ಹೇಳಿ.